ತುರಿಕೆ ನಿಂತಿತು, ಗಜಕರ್ಣ ನಿಲ್ಲಲಿಲ್ಲ

ಮುಂಗೈಯ ಮೇಲೆ ನಾಣ್ಯದಗಲದ ಕೆಂಪು ಉಂಗುರ ಮೂಡಿದಾಗ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಮನೆಯಲ್ಲಿದ್ದ ಯಾವುದೋ ಹಳೆಯ ಮುಲಾಮನ್ನು ಹಚ್ಚಿದೆ. ಎರಡೇ ದಿನಕ್ಕೆ ತುರಿಕೆ ಮಾಯ, ಕೆಂಪೂ ಮಾಸಿತು. ನನ್ನ ವೈದ್ಯ ವಿದ್ಯೆಯ ಬಗ್ಗೆ ನನಗೇ ಹೆಮ್ಮೆ. ಹಚ್ಚುವುದನ್ನು ಬಿಟ್ಟ ವಾರದೊಳಗೆ ಕಲೆ ಅಂಗೈಯಗಲವಾಗಿ ಮರಳಿತು. ಈ ಸಲ ಅದಕ್ಕೆ ಉಂಗುರದ ಆಕಾರವೂ ಇರಲಿಲ್ಲ.

ಚರ್ಮವೈದ್ಯರು ಮೊದಲು ಕೇಳಿದ್ದು ಮುಲಾಮಿನ ಟ್ಯೂಬನ್ನು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಸ್ಟೀರಾಯ್ಡ್ ಉರಿಯನ್ನು ಅಡಗಿಸುತ್ತದೆ, ಗಜಕರ್ಣ ತರುವ ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಚರ್ಮದ ಕಾವಲು ಸಡಿಲವಾದದ್ದರಿಂದ ಶಿಲೀಂಧ್ರ ನೆಮ್ಮದಿಯಾಗಿ ಹಬ್ಬಿತ್ತು. ಕಲೆಯ ಅಂಚಿನಿಂದ ಹೊಟ್ಟು ಕೆರೆದು, ಗಾಜಿನ ಪಟ್ಟಿಯ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ, ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ತಿಳಿಯಾದ ಚರ್ಮದ ಕಣಗಳ ನಡುವೆ ಶಿಲೀಂಧ್ರದ ಕವಲೊಡೆದ ಎಳೆಗಳು! ಹುಳುಕಡ್ಡಿ ಎನ್ನುತ್ತೇವೆ, ಹುಳು ಎಲ್ಲಿಯೂ ಇರಲಿಲ್ಲ.

ಶಿಲೀಂಧ್ರವನ್ನು ಕೊಲ್ಲುವ ಟರ್ಬಿನಾಫಿನ್ ಮುಲಾಮು ಕೊಟ್ಟರು. ಕಲೆಯಿಂದ ಎರಡು ಸೆಂಟಿಮೀಟರ್ ಆಚೆಯವರೆಗೆ ಹಚ್ಚಬೇಕು, ಮಾಸಿದ ಮೇಲೂ ಎರಡು ವಾರ ಬಿಡಬಾರದು ಎಂದರು. ಏಳುವಾಗ ಕೇಳಿದರು: "ಮನೆಯಲ್ಲಿ ಬೆಕ್ಕಿದೆಯೇ?"

ಇತ್ತು. ತಂದು ತಿಂಗಳಾಗಿದ್ದ ಮರಿ, ಮೈಮೇಲೆ ಒಂದು ಕಲೆಯೂ ಇರಲಿಲ್ಲ. ಪಶುವೈದ್ಯರು ಹೊಸ ಹಲ್ಲುಜ್ಜುವ ಬ್ರಷ್‌ನಿಂದ ಅದರ ಮೈಯನ್ನೆಲ್ಲ ಬಾಚಿ, ಬ್ರಷ್ಷನ್ನು ಶಿಲೀಂಧ್ರ ಬೆಳೆಸಿ ನೋಡುವ ಕಲ್ಚರ್ ತಟ್ಟೆಗೆ ಒತ್ತಿದರು. ಕೆಲವು ದಿನಗಳ ಬಳಿಕ ಬೆಳೆದದ್ದು ಗಜಕರ್ಣ ತರುವ ಶಿಲೀಂಧ್ರ, ಮೈಕ್ರೋಸ್ಪೋರಮ್ ಕ್ಯಾನಿಸ್. ಹೆಸರಿನಲ್ಲಿ ನಾಯಿಯಿದ್ದರೂ ಇದಕ್ಕೆ ಹೆಚ್ಚು ಪ್ರೀತಿ ಬೆಕ್ಕಿನ ಮೇಲೆ.

ನಿಜವಾದ ದುಡಿಮೆ ಶುರುವಾದದ್ದು ಆಗ. ಉದುರಿದ ಕೂದಲಿನಲ್ಲಿ ಇದರ ಬೀಜಕಣಗಳು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬದುಕಬಲ್ಲವು. ಮರಿಯನ್ನು ಸುಲಭವಾಗಿ ಒರೆಸಬಹುದಾದ ಒಂದೇ ಕೋಣೆಗೆ ಸೀಮಿತಗೊಳಿಸಿದೆ. ಮೊದಲ ವಾರ ನೇರವಾಗಿ ಬ್ಲೀಚ್ ಸುರಿದು ಬೀಗಿದೆ. ಕೂದಲು, ಧೂಳು ಹಾಗೇ ಇದ್ದರೆ ಬ್ಲೀಚ್ ವ್ಯರ್ಥ ಎಂದು ಪಶುವೈದ್ಯರು ಗದರಿದ ಮೇಲೆ ಕ್ರಮ ಬದಲಾಯಿತು: ಮೊದಲು ವ್ಯಾಕ್ಯೂಮ್, ಆಮೇಲೆ ಸೋಪಿನ ನೀರು, ಕೊನೆಗೆ ಬ್ಲೀಚ್. ಹಾಸಿಗೆ ಬಟ್ಟೆಗಳನ್ನು ಬೇರೆಯಾಗಿಯೇ ಒಗೆದೆ. ಮರಿಗೆ ಕುಡಿಸಲು ಇಟ್ರಾಕೊನಜೋಲ್ ಎಂಬ ಶಿಲೀಂಧ್ರದ ಔಷಧಿ, ಜೊತೆಗೆ ವಾರಕ್ಕೆರಡು ಬಾರಿ ಸುಣ್ಣ-ಗಂಧಕದ ದ್ರಾವಣದಲ್ಲಿ ಅದ್ದುವುದು. ಅದು ಕೊಳೆತ ಮೊಟ್ಟೆಯ ವಾಸನೆ, ಇಬ್ಬರಿಗೂ ಶಿಕ್ಷೆ.

ನನ್ನ ಕೈ ಐದನೇ ವಾರಕ್ಕೆ ಗುಣವಾಯಿತು. ಮರಿಯ ಕಲ್ಚರ್ ಸತತ ಎರಡು ಬಾರಿ ಖಾಲಿ ಬರಲು ಮೂರು ತಿಂಗಳು ಹಿಡಿಯಿತು. ಈಗಲೂ ಬಕೆಟ್ಟಿನ ಸದ್ದು ಕೇಳಿದರೆ ಅದು ಕಪಾಟಿನ ಮೇಲಿರುತ್ತದೆ.