ಹಿಂದಿನ ಚಕ್ರದಿಂದ ಓಡುವ ಸ್ಪೋರ್ಟ್ಸ್ ಕಾರು, ಹಿಮ ಬಿದ್ದ ರಸ್ತೆ

ನನ್ನದು ಎರಡೇ ಸೀಟಿನ ಮಾಜ್ದಾ ಎಂಎಕ್ಸ್-5, ಮೂರನೇ ತಲೆಮಾರಿನದು. ಎಂಜಿನ್ ಮುಂದೆ, ಕಾರನ್ನು ತಳ್ಳುವುದು ಹಿಂದಿನ ಚಕ್ರ. ಆರು ಚಳಿಗಾಲ ಇದರಲ್ಲೇ ಓಡಾಡಿದ್ದೇನೆ. ‘ಹಿಮ ಬಿದ್ದರೆ ಇಂಥ ಕಾರನ್ನು ಶೆಡ್ಡಿಗೆ ಹಾಕಿಬಿಡು’ ಎನ್ನುವವರೇ ಜಾಸ್ತಿ. ಬೇಸಿಗೆ ಟೈರಿನಲ್ಲೇ ಹೊರಡುವುದಾದರೆ ಅವರ ಮಾತು ಸರಿ. ಟೈರ್ ಬದಲಾಯಿಸಿ, ಕಾಲನ್ನು ಸ್ವಲ್ಪ ಪಳಗಿಸಿಕೊಂಡರೆ ಹಾಗೇನಿಲ್ಲ.

ಬೇಸಿಗೆ ಟೈರಿನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಇದಕ್ಕೆ ಹಿಮವೇ ಬೀಳಬೇಕಿಲ್ಲ, ಒಣ ರಸ್ತೆಯಲ್ಲೂ ಹಿಡಿತ ಕಡಿಮೆಯಾಗುತ್ತದೆ. ಚಳಿ ಕೊರೆಯುವ ಒಂದು ಬೆಳಿಗ್ಗೆ ಎರಡೂ ಬಗೆಯ ಟೈರನ್ನು ಪಕ್ಕಪಕ್ಕ ಇಟ್ಟು ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡಿದ್ದೆ. ಬೇಸಿಗೆಯದು ಜಗ್ಗಲಿಲ್ಲ. ಚಳಿಗಾಲದ್ದು ಮೆತ್ತಗೆ ಉಗುರಿಗೆ ದಾರಿ ಬಿಟ್ಟಿತು. ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಹುಡುಕಿ. ಬರೀ ‘ಎಂ+ಎಸ್’ (ಮಡ್ ಮತ್ತು ಸ್ನೋ, ಅಂದರೆ ಕೆಸರು ಮತ್ತು ಹಿಮ) ಅಂತ ಇದ್ದರೆ ನಾನು ಕೊಳ್ಳುವುದಿಲ್ಲ. ನಾಲ್ಕೂ ಚಕ್ರಕ್ಕೆ ಹಾಕಿಸಿ. ಹಿಂದಿನ ಎರಡಕ್ಕೆ ಮಾತ್ರ ಹಾಕಿಸಿದರೆ ಕಾರು ಹೊರಡುವುದೇನೋ ಹೊರಡುತ್ತದೆ, ಆದರೆ ಬೇಕಾದ ಕಡೆ ತಿರುಗಬೇಕಲ್ವಾ? ನಿಲ್ಲಬೇಕಲ್ವಾ? ಕಂಪನಿ ಒಪ್ಪುವ ಅಳತೆಗಳಲ್ಲಿ ಕಡಿಮೆ ಅಗಲದ್ದನ್ನೇ ಆರಿಸಿ, ಅದು ಹಿಮವನ್ನು ಸೀಳಿಕೊಂಡು ಕೆಳಗಿಳಿಯುತ್ತದೆ. ಕಚ್ಚು 4 ಮಿಲಿಮೀಟರ್‌ಗೆ ಸವೆದರೆ ಆ ಟೈರಿನ ಚಳಿಗಾಲ ಮುಗಿಯಿತು. ಗಾಳಿಯನ್ನೂ ಆಗಾಗ ನೋಡುತ್ತಿರಿ. ಐದಾರು ಡಿಗ್ರಿ ಇಳಿದಾಗಲೆಲ್ಲ ಸುಮಾರು 1 ಪಿಎಸ್‌ಐ ಕಡಿಮೆಯಾಗುತ್ತದೆ.

ಡಿಕ್ಕಿಯಲ್ಲಿ ಮರಳು ಮೂಟೆ ಇಡಬೇಕೇ ಅಂತ ತುಂಬ ಜನ ಕೇಳುತ್ತಾರೆ. ಮೂಗಿನ ಕಡೆ ಭಾರ ಜಾಸ್ತಿ ಇರುವ ಕಾರಿಗೆ ಉಪಯೋಗವಿದೆ, ಆದರೆ ಕಟ್ಟಿ ಇಡಿ. ನನ್ನ ಕಾರಿನ ಭಾರ ಹಿಂದೆ ಮುಂದೆ ಹೆಚ್ಚುಕಮ್ಮಿ ಸಮ. ಹಾಗಾಗಿ ನಾನು ಒಂದು ಸಣ್ಣ ಚೀಲ ಮಾತ್ರ ಇಟ್ಟುಕೊಳ್ಳುತ್ತೇನೆ, ಚಕ್ರ ಸಿಕ್ಕಿಕೊಂಡಾಗ ಮುಂದೆ ಎರಚಲು. ಜೊತೆಗೆ ಒಂದು ಸಲಿಕೆ.

ಹೊರಡುವಾಗ ಎರಡನೇ ಗೇರ್ ಹಾಕಿ, ಕ್ಲಚ್ಚನ್ನು ನಿಧಾನವಾಗಿ ಬಿಡಿ. ಚಕ್ರ ಸುಮ್ನೆ ತಿರುಗತೊಡಗಿದರೆ ಆಕ್ಸಿಲರೇಟರ್ ಇನ್ನಷ್ಟು ಒತ್ತಬೇಡಿ. ಕೆಳಗಿನ ಹಿಮ ಉಜ್ಜಿ ಉಜ್ಜಿ ಗಾಜಿನಂತಾಗುತ್ತದೆ. ಚಕ್ರ ಹೀಗೆ ಸುಮ್ನೆ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಇದ್ದರೆ ಆನ್ ಇರಲಿ. ದಪ್ಪ ಹಿಮದಲ್ಲಿ ಹೂತುಹೋದಾಗ ಮಾತ್ರ ಆಫ್ ಮಾಡಿ, ಯಾಕೆಂದರೆ ಅಲ್ಲಿಂದ ಏಳಲು ಚಕ್ರ ಸ್ವಲ್ಪ ತಿರುಗಲೇಬೇಕು. ಎದ್ದ ಕೂಡಲೇ ಮತ್ತೆ ಆನ್.

ಈ ಕಾರುಗಳಲ್ಲಿ ಜನ ಮೋಸಹೋಗುವುದು ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಅಲ್ಲ, ಬಿಟ್ಟಾಗಲೂ. ಎಂಜಿನ್ ಎಳೆದು ಹಿಡಿಯುವ ಬ್ರೇಕು ಪೂರ್ತಿ ಹಿಂದಿನ ಎರಡು ಚಕ್ರಕ್ಕೇ ಬೀಳುತ್ತದೆ. ಮಂಜುಗಡ್ಡೆಯ ಮೇಲೆ ಅದು ಹ್ಯಾಂಡ್‌ಬ್ರೇಕ್ ಎಳೆದ ಹಾಗೆ.

ಮೊದಲ ಚಳಿಗಾಲದಲ್ಲಿ ನಾನು ಇದನ್ನು ಗೊತ್ತಿಲ್ಲದೆ ಮಾಡಿದೆ. ಎಡಕ್ಕೊಂದು ತಿರುವು. ತಿರುವಿನೊಳಗೇ ಮೂರರಿಂದ ಎರಡಕ್ಕೆ ಗೇರ್ ಇಳಿಸಿ ಕ್ಲಚ್ ತಟ್ಟನೆ ಬಿಟ್ಟೆ. ಹಿಂಭಾಗ ಬಲಕ್ಕೆ ಸರಿಯಿತು. ಸ್ಟೀರಿಂಗನ್ನು ಬಲಕ್ಕೇ ತಿರುಗಿಸಿದೆ, ಅದು ಸರಿ. ಕಾರು ನೆಟ್ಟಗಾಗುತ್ತಿದೆ ಅಂತ ಉಸಿರು ಬಿಟ್ಟು ಕೈ ಹಾಗೇ ಹಿಡಿದುಕೊಂಡೆ, ಅದು ತಪ್ಪು. ಟೈರಿಗೆ ಹಿಡಿತ ಸಿಕ್ಕ ಕ್ಷಣವೇ ಹಿಂಭಾಗ ಮೊದಲಿಗಿಂತ ಜೋರಾಗಿ ಎಡಕ್ಕೆ ಬೀಸಿತು. ಒಂದು ಸುತ್ತು ಸುತ್ತಿ ಪಕ್ಕದ ಹಿಮದ ರಾಶಿಗೆ ಕಾರು ಒರಗಿ ನಿಂತಿತು. ಎದುರಿಗೆ ಯಾರೂ ಬರುತ್ತಿರಲಿಲ್ಲ.

ಕಾರನ್ನು ಕೆಡವುವುದು ಬಹಳ ಸಲ ಮೊದಲ ಜಾರಿಕೆಯಲ್ಲ, ಈ ಎರಡನೆಯದು. ಹಿಂಭಾಗ ಸರಿದರೆ ಕಣ್ಣು ನೀವು ಹೋಗಬೇಕಾದ ಕಡೆ ಇರಲಿ, ಸ್ಟೀರಿಂಗ್ ಆ ಕಡೆಗೇ ತಿರುಗಲಿ. ಗಾಬರಿಯಾದರೆ ಕ್ಲಚ್ ಒತ್ತಿಬಿಡಿ, ತಳ್ಳುವುದೂ ಎಳೆಯುವುದೂ ಎರಡೂ ನಿಲ್ಲುತ್ತವೆ. ಹಿಂಭಾಗ ವಾಪಸ್ ಬರಲು ಶುರುವಾದಾಗಲೇ, ಪೂರ್ತಿ ಬಂದ ಮೇಲಲ್ಲ, ಸ್ಟೀರಿಂಗನ್ನು ನೇರಕ್ಕೆ ತನ್ನಿ. ಇದು ಓದಿ ಬರುವುದಲ್ಲ. ಖಾಲಿ ಮೈದಾನದಲ್ಲಿ ಅನುಮತಿ ಪಡೆದು, ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹತ್ತಾರು ಸಲ ಜಾರಿಸಿ ನೋಡಿ. ನನ್ನ ಕೈಗೆ ಹತ್ತಿದ್ದು ಹಾಗೆಯೇ.

ತಿರುವಿನ ಕೆಲಸ ತಿರುವಿಗೆ ಮೊದಲೇ ಮುಗಿಯಲಿ. ನೇರ ರಸ್ತೆಯಲ್ಲೇ ಬ್ರೇಕ್ ಹಾಕಿ, ಗೇರ್ ಇಳಿಸಿ, ಇಳಿಸುವಾಗ ಆಕ್ಸಿಲರೇಟರನ್ನು ಒಂಚೂರು ತಾಗಿಸಿ ಎಂಜಿನ್ ವೇಗ ಹೊಂದಿಸಿಕೊಳ್ಳಿ. ಸೊನ್ನೆ ಡಿಗ್ರಿಯ ಆಸುಪಾಸಿನ ಒದ್ದೆ ಮಂಜುಗಡ್ಡೆ ಕಡುಚಳಿಯ ಮಂಜುಗಡ್ಡೆಗಿಂತ ಜಾರುತ್ತದೆ. ಸೇತುವೆ ಬೇರೆ ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತದೆ. ಒದ್ದೆಯಾಗಿ ಕಾಣುವ ರಸ್ತೆಯಲ್ಲಿ ಟೈರಿನ ಸದ್ದು ತಟ್ಟನೆ ನಿಂತು, ಸ್ಟೀರಿಂಗ್ ಹಗುರಾದರೆ ನೀವು ಮಂಜುಗಡ್ಡೆಯ ಮೇಲಿದ್ದೀರಿ. ಆಗ ಏನನ್ನೂ ಜೋರಾಗಿ ಮಾಡಬೇಡಿ.

ಕಾರಿಗೆ ಬಟ್ಟೆಯ ಟಾಪ್ (ಮಡಚುವ ಛಾವಣಿ) ಇದ್ದರೆ ಹಿಮವನ್ನು ಮೆತ್ತನೆಯ ಬ್ರಷ್ಷಿನಿಂದ ಸರಿಸಿ, ಕೆರೆಯಬೇಡಿ. ಎಂಎಕ್ಸ್-5ರ ಮೊದಲ ತಲೆಮಾರಿನಲ್ಲಿ ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದು. ಚಳಿಯಲ್ಲಿ ಮಡಚಿದರೆ ಸೀಳುತ್ತದೆ.

ಇನ್ನು, ಹೊರಡಲೇಬಾರದ ದಿನಗಳೂ ಇವೆ. ನನ್ನ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಒಂದು ಗೇಣೂ ಇಲ್ಲ. ಹಿಮ ಅದಕ್ಕಿಂತ ಎತ್ತರ ಬಿದ್ದರೆ ಕಾರು ಅದರ ಮೇಲೆ ಹೊಟ್ಟೆ ಊರಿ ಕೂರುತ್ತದೆ, ಚಕ್ರಗಳು ಸುಮ್ನೆ ತಿರುಗುತ್ತವೆ. ಆಗ ಎಂಥ ಟೈರಿದ್ದರೂ ಪ್ರಯೋಜನವಿಲ್ಲ. ಅದಕ್ಕೇ ಬೆಳಿಗ್ಗೆ ಮೊದಲು ಬಾಗಿಲ ಬಳಿಯ ಹಿಮಕ್ಕೆ ಕೈ ಚುಚ್ಚಿ ನೋಡುತ್ತೇನೆ. ಮಣಿಕಟ್ಟಿನತನಕ ಹೋದರೆ ಕೀಲಿ ಮೊಳೆಗೇ ನೇತಾಡಲಿ, ನಾನು ಬಸ್ಸಿಗೆ ಹೋಗುತ್ತೇನೆ.