ಲ್ಯಾಬ್‌ಗೆ ಬೀಗ ಬಿದ್ದ ಮೇಲೂ ಓಡುವ ಮೀಟರ್: ಕಂಪ್ಯೂಟರ್‌ಗಳನ್ನು ಮಲಗಿಸುವುದು ಹೇಗೆ?

ಸಂಜೆ ಐದು ಗಂಟೆ. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಖಾಲಿಯಾಗುತ್ತದೆ. ಅಟೆಂಡರ್ ಬಂದು ಟ್ಯೂಬ್‌ಲೈಟ್ ಆರಿಸುತ್ತಾರೆ, ಫ್ಯಾನ್ ಆರಿಸುತ್ತಾರೆ, ಬೀಗ ಹಾಕುತ್ತಾರೆ. ಆಮೇಲೆ ಆ ಬಾಗಿಲಿಗೆ ಒಮ್ಮೆ ಕಿವಿಗೊಟ್ಟು ನೋಡಿ. ಒಳಗೆ ಗುಂಯ್ ಅಂತ ಸದ್ದು ಬರುತ್ತಲೇ ಇರುತ್ತದೆ. ಪರದೆಗಳು ಕಪ್ಪಾಗಿವೆ, ಸಿಪಿಯು ಡಬ್ಬಗಳು ಮಾತ್ರ ಎಚ್ಚರವಾಗಿವೆ.

ಸ್ವಲ್ಪ ಲೆಕ್ಕ ಹಾಕೋಣ. ಹಳೆಯ ಡೆಸ್ಕ್‌ಟಾಪ್ ಒಂದು ಏನೂ ಕೆಲಸ ಮಾಡದೆ ಸುಮ್ನೆ ಕೂತಿದ್ದರೂ ಅಂದಾಜು 60 ವಾಟ್ ತಿನ್ನುತ್ತದೆ ಅಂತ ಹಿಡಿಯಿರಿ. ಅಂಥವು 60 ಇದ್ದರೆ ಗಂಟೆಗೆ 3.6 ಯೂನಿಟ್. ಸಂಜೆ ಐದರಿಂದ ಬೆಳಿಗ್ಗೆ ಒಂಬತ್ತರವರೆಗೆ 16 ಗಂಟೆಗೆ 57 ಯೂನಿಟ್ ದಾಟುತ್ತದೆ. ಗೃಹಜ್ಯೋತಿಯಲ್ಲಿ ಒಂದು ಮನೆಗೆ ಇಡೀ ತಿಂಗಳಿಗೆ ಇರುವ ಮಿತಿ 200 ಯೂನಿಟ್. ಈ ಒಂದು ಲ್ಯಾಬ್ ಅದನ್ನು ನಾಲ್ಕೇ ರಾತ್ರಿಯಲ್ಲಿ ಮುಗಿಸುತ್ತದೆ, ಅದೂ ಒಳಗೆ ಒಬ್ಬರೂ ಇಲ್ಲದಾಗ. ಅದೇ ಯಂತ್ರಗಳು ಸ್ಲೀಪ್‌ನಲ್ಲಿದ್ದರೆ, ಅಂದರೆ ಪೂರ್ತಿ ಆರದೆ ನಿದ್ದೆಯಲ್ಲಿದ್ದರೆ, ಒಂದಕ್ಕೆ ಎರಡು ಮೂರು ವಾಟ್ ಸಾಕು. ಆಗ ರಾತ್ರಿಗೆಲ್ಲ ಸೇರಿ ಮೂರು ಯೂನಿಟ್ ಕೂಡ ಆಗುವುದಿಲ್ಲ.

‘ಹೋಗುವಾಗ ಕಂಪ್ಯೂಟರ್ ಆರಿಸಿ’ ಅಂತ ಗೋಡೆಗೆ ಚೀಟಿ ಅಂಟಿಸಿದರೆ ಒಂದು ವಾರ ನಡೆಯುತ್ತದೆ, ಅಷ್ಟೆ. ಬಸ್ ಹಿಡಿಯುವ ಅವಸರದಲ್ಲಿರುವ ಹುಡುಗರನ್ನು ಬೈದು ಪ್ರಯೋಜನ ಇಲ್ಲ. ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲದ ಹಾಗೆ ಯಂತ್ರದಲ್ಲೇ ಒಮ್ಮೆ ಸೆಟ್ ಮಾಡಿಬಿಡಬೇಕು.

ಒಂದು ಯಂತ್ರದಿಂದ ಶುರು ಮಾಡಿ

ಪ್ಲಗ್‌ಗೆ ಸಿಕ್ಕಿಸಿ ನೋಡುವ ವಾಟ್ ಮೀಟರ್ ಎಲೆಕ್ಟ್ರಿಕಲ್ ವಿಭಾಗದಲ್ಲಿ ಇದೆಯಾ ಕೇಳಿ. ಇದ್ದರೆ ಒಂದು ದಿನಕ್ಕೆ ತಂದು ಒಂದು ಕಂಪ್ಯೂಟರ್‌ಗೆ ಹಾಕಿ. ಕೆಲಸ ಮಾಡುವಾಗ, ಸುಮ್ನೆ ಇದ್ದಾಗ, ಸ್ಲೀಪ್‌ನಲ್ಲಿದ್ದಾಗ ಎಷ್ಟೆಷ್ಟು ತೋರಿಸುತ್ತದೆ ಅಂತ ಬರೆದಿಟ್ಟುಕೊಳ್ಳಿ. ಪ್ರಿನ್ಸಿಪಾಲರನ್ನು ಒಪ್ಪಿಸಲು ಆ ಮೂರು ಅಂಕಿಗಳು ಸಾಕು.

ಆಮೇಲೆ ಸ್ಕ್ರೀನ್‌ಸೇವರ್ ತೆಗೆದುಹಾಕಿ. ಹಳೆಯ ದಪ್ಪ ಮಾನಿಟರ್‌ಗಳ ಪರದೆಯಲ್ಲಿ ಒಂದೇ ಚಿತ್ರ ನಿಂತರೆ ಅದರ ಕಲೆ ಉಳಿಯುತ್ತಿತ್ತು. ಅದನ್ನು ತಪ್ಪಿಸಲು ಬಂದ ಉಪಾಯ ಇದು. ಇದರಿಂದ ಕರೆಂಟ್ ಉಳಿಯುವುದಿಲ್ಲ.

ಈಗ ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ಸಿಸ್ಟಮ್‌ಗೆ ಹೋಗಿ. ಹತ್ತನೇ ಆವೃತ್ತಿಯಲ್ಲಿ ‘ಪವರ್ ಅಂಡ್ ಸ್ಲೀಪ್’ ಅಂತಲೂ, ಹನ್ನೊಂದರಲ್ಲಿ ‘ಪವರ್’ ಅಂತಲೂ ಇರುತ್ತದೆ. ಅಲ್ಲಿ ಎರಡು ಸಮಯ ಕೇಳುತ್ತದೆ. ಸ್ಕ್ರೀನ್ ಆರಲು 10 ನಿಮಿಷ ಕೊಡಿ, ಸ್ಲೀಪ್‌ಗೆ 30 ನಿಮಿಷ ಕೊಡಿ. ಬಹಳಷ್ಟು ಜನ ಮೊದಲನೆಯದನ್ನು ಮಾತ್ರ ಸೆಟ್ ಮಾಡಿ ಎರಡನೆಯದನ್ನು ‘ನೆವರ್’ನಲ್ಲೇ ಬಿಟ್ಟಿರುತ್ತಾರೆ. ಬಾಗಿಲ ಹಿಂದಿನ ಆ ಗುಂಯ್ ಸದ್ದು ಬರುವುದು ಇದರಿಂದಲೇ. ಉಬುಂಟು ಇರುವ ಲ್ಯಾಬ್‌ನಲ್ಲಿ ಸೆಟ್ಟಿಂಗ್ಸ್‌ನ ಪವರ್ ಪುಟದಲ್ಲಿ ‘ಸ್ಕ್ರೀನ್ ಬ್ಲ್ಯಾಂಕ್’ ಮತ್ತು ‘ಆಟೋಮ್ಯಾಟಿಕ್ ಸಸ್ಪೆಂಡ್’ ನೋಡಿ.

ಮಕ್ಕಳಿಗೆ ಒಂದು ಮಾತು ಹೇಳಿಬಿಡಿ. ಸ್ಲೀಪ್‌ನಲ್ಲಿದ್ದಾಗ ಅರ್ಧ ಮಾಡಿದ ಕೆಲಸ ರ‍್ಯಾಮ್‌ನಲ್ಲಿ ಇರುತ್ತದೆ. ಕರೆಂಟ್ ಹೋಗಿ ಯುಪಿಎಸ್ ಬ್ಯಾಟರಿಯೂ ಖಾಲಿಯಾದರೆ ಅದು ಹೋಗಿಬಿಡಬಹುದು. ಕುರ್ಚಿಯಿಂದ ಏಳುವ ಮುಂಚೆ ಸೇವ್ ಮಾಡುವ ಅಭ್ಯಾಸ ಇರಲಿ.

ಮಲಗಿದ್ದು ಯಾಕೆ ಏಳುತ್ತದೆ?

ನಾನು ನೋಡಿಕೊಳ್ಳುವ ಲ್ಯಾಬ್‌ನಲ್ಲಿ ಇಷ್ಟೆಲ್ಲ ಮಾಡಿದ ಮೇಲೂ ಬೆಳಿಗ್ಗೆ ಬಂದಾಗ ಒಂದು ಸಾಲು ಪೂರ್ತಿ ಎದ್ದು ಕೂತಿರುತ್ತಿತ್ತು. ಒಂದು ದಿನ ಬೇಗ ಬಂದು ನಿಂತು ನೋಡಿದೆ. ಕಸ ಗುಡಿಸುವ ಅಕ್ಕ ಕುರ್ಚಿಗಳನ್ನು ಮೇಜಿನ ಕೆಳಗೆ ತಳ್ಳುತ್ತಿದ್ದರು. ಮೇಜು ಒಂಚೂರು ಅಲುಗುತ್ತಿತ್ತು, ಅದರ ಜೊತೆ ಮೌಸ್‌ಗಳೂ ಅಲುಗುತ್ತಿದ್ದವು. ಎಡದಿಂದ ಬಲಕ್ಕೆ ಪರದೆಗಳು ಒಂದೊಂದಾಗಿ ಹೊತ್ತಿಕೊಂಡವು!

ಇದಕ್ಕೆ ಪರಿಹಾರ ಸುಲಭ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸ್ ತೆರೆದು ‘ಪವರ್ ಮ್ಯಾನೇಜ್‌ಮೆಂಟ್’ ಪುಟಕ್ಕೆ ಹೋಗಿ. ಕಂಪ್ಯೂಟರನ್ನು ಎಬ್ಬಿಸಲು ಮೌಸ್‌ಗೆ ಅನುಮತಿ ಕೊಡುವ ಟಿಕ್ ಅಲ್ಲಿರುತ್ತದೆ, ಅದನ್ನು ತೆಗೆಯಿರಿ. ಎಬ್ಬಿಸುವ ಕೆಲಸ ಕೀಬೋರ್ಡ್‌ಗೆ ಮಾತ್ರ ಇರಲಿ.

ಇನ್ನೊಂದು ಕಾರಣ ನಮ್ಮ ಕಡೆ ಜಾಸ್ತಿ. ರಾತ್ರಿ ಕರೆಂಟ್ ಹೋಗಿ ಬಂದ ತಕ್ಷಣ ಆರಿಸಿಟ್ಟ ಕಂಪ್ಯೂಟರ್‌ಗಳು ತಾವಾಗಿಯೇ ಆನ್ ಆಗುತ್ತವೆ. ವಿಂಡೋಸ್‌ನಲ್ಲಿ ಎಷ್ಟು ಹುಡುಕಿದರೂ ಇದು ಸಿಗದು, ಇರುವುದು ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ಸ್‌ನಲ್ಲಿ. ಕರೆಂಟ್ ವಾಪಸ್ ಬಂದಾಗ ಏನು ಮಾಡಬೇಕು ಅನ್ನುವ ಆಯ್ಕೆ ಅಲ್ಲಿ ಇರುತ್ತದೆ. ಹೆಸರು ಕಂಪನಿಯಿಂದ ಕಂಪನಿಗೆ ಬೇರೆ, ‘ಎಸಿ ಪವರ್’ ಅಥವಾ ‘ಪವರ್ ಲಾಸ್’ ಅನ್ನುವ ಪದ ಹುಡುಕಿ. ಅದನ್ನು ‘ಆಫ್’ಗೆ ಇಡಿ.

ಅರವತ್ತಕ್ಕೂ ಒಟ್ಟಿಗೆ

ಎಲ್ಲ ಯಂತ್ರಗಳೂ ಒಂದೇ ಡೊಮೇನ್‌ನಲ್ಲಿದ್ದರೆ, ಅಂದರೆ ಒಂದೇ ಸರ್ವರ್‌ನ ಹಿಡಿತದಲ್ಲಿರುವ ಜಾಲದಲ್ಲಿದ್ದರೆ, ಒಂದೊಂದರ ಮುಂದೆ ಕೂರಬೇಕಾಗಿಲ್ಲ. ಸಿಸ್ಟಮ್ ಅಡ್ಮಿನ್ ಗ್ರೂಪ್ ಪಾಲಿಸಿಯಲ್ಲಿ ಈ ಸಮಯಗಳನ್ನು ಹಾಕಿದರೆ ಎಲ್ಲಕ್ಕೂ ತಲುಪುತ್ತದೆ, ವಿದ್ಯಾರ್ಥಿಗಳು ಬದಲಾಯಿಸಲೂ ಆಗದು. ಬಯಾಸ್ ಮಾತ್ರ ಸಾಮಾನ್ಯವಾಗಿ ಒಂದೊಂದಾಗಿಯೇ ಮಾಡಬೇಕು. ಪರೀಕ್ಷೆ ಮುಗಿದ ಬಿಡುವಿನಲ್ಲಿ ಇಬ್ಬರು ಕೂತರೆ ಒಂದು ದಿನದಲ್ಲಿ ಆಗುತ್ತದೆ.

ಎಲ್ಲವನ್ನೂ ಮಲಗಿಸಬೇಡಿ. ಸರ್ವರ್‌ಗಳನ್ನು ಮುಟ್ಟಬಾರದು. ಸಂಶೋಧನೆ ಮಾಡುವವರ ಯಂತ್ರಗಳ ಬಗ್ಗೆಯೂ ಮೊದಲೇ ವಿಚಾರಿಸಿ. ನಾನು ವಿಚಾರಿಸಿರಲಿಲ್ಲ. ಪಿಎಚ್‌ಡಿ ಹುಡುಗಿಯೊಬ್ಬಳು ರಾತ್ರಿಯಿಡೀ ಓಡಲಿ ಅಂತ ಸಿಮ್ಯುಲೇಷನ್ ಹಚ್ಚಿ ಹೋಗಿದ್ದಳು. ಬೆಳಿಗ್ಗೆ ನೋಡಿದರೆ ಅವಳು ಹೊರಟ ಅರ್ಧ ಗಂಟೆಗೆ ಎಲ್ಲಿ ನಿಂತಿತ್ತೋ ಲೆಕ್ಕ ಅಲ್ಲೇ ಇತ್ತು. ಅವಳ ಒಂದು ರಾತ್ರಿ ಹಾಳಾಯಿತು. ಅವತ್ತೇ ಅಂಥ ನಾಲ್ಕು ಯಂತ್ರಗಳನ್ನು ಬೇರೆ ಗುಂಪು ಮಾಡಿ, ಸ್ಲೀಪ್ ತೆಗೆದು, ಮೇಲೆ ಕೆಂಪು ಚೀಟಿ ಅಂಟಿಸಿದೆ.

ಪದೇ ಪದೇ ಮಲಗಿಸಿ ಎಬ್ಬಿಸಿದರೆ ಕಂಪ್ಯೂಟರ್ ಹಾಳಾಗುತ್ತೆ ಅಲ್ವಾ ಅಂತ ಹಿರಿಯ ಮೇಷ್ಟ್ರುಗಳು ಕೇಳುತ್ತಾರೆ. ಇಲ್ಲ, ಸ್ಲೀಪ್ ಇರುವುದೇ ಹಾಗೆ ಬಳಸಲು. ಹಾಳು ಮಾಡುವುದು ಬೇರೆಯೇ ಇದೆ: ಓಡುತ್ತಿರುವ ಅರವತ್ತೂ ಯಂತ್ರಗಳ ಕರೆಂಟನ್ನು ಸಂಜೆ ಮೇನ್ ಸ್ವಿಚ್‌ನಲ್ಲಿ ಒಮ್ಮೆಲೇ ಕೀಳುವುದು. ಮೇನ್ ಆರಿಸಲೇಬೇಕು ಅಂದರೆ ಮೊದಲು ಶಟ್‌ಡೌನ್ ಮಾಡಿ.

ವಾರ ಕಳೆದ ಮೇಲೆ ಒಂದು ಸಂಜೆ ಏಳು ಗಂಟೆಗೆ ಲ್ಯಾಬ್ ಕಿಟಕಿಯಲ್ಲಿ ಇಣುಕಿ. ಸಿಪಿಯು ಡಬ್ಬದ ಪುಟ್ಟ ದೀಪ ಆರಿದ್ದರೆ ಅಥವಾ ನಿಧಾನಕ್ಕೆ ಮಿಣುಕುತ್ತಿದ್ದರೆ ಅದು ಮಲಗಿದೆ ಅಂತ ಸಾಮಾನ್ಯವಾಗಿ ಅರ್ಥ. ಒಂದೇ ಸಮ ಉರಿಯುತ್ತಿರುವವು ಎಷ್ಟು ಅಂತ ಎಣಿಸಿ, ಅವುಗಳ ನಂಬರ್ ಬರೆದುಕೊಳ್ಳಿ. ಕೆಂಪು ಚೀಟಿ ಇರುವ ನಾಲ್ಕನ್ನು ಬಿಟ್ಟು ಉಳಿದವುಗಳ ಮೌಸ್ ಸೆಟ್ಟಿಂಗನ್ನು ಮರುದಿನ ಮೊದಲು ನೋಡಿ.