ಡಿಫ್ಯೂಸರ್ ಬಿಟ್ಟು ಬತ್ತಿ ಹಿಡಿದ ಮೇಲೆ

ಕ್ಯಾನ್ಸರಿನ ಕೀಮೋ ಡೇ ಕೇರ್‌ನಲ್ಲಿ ನನ್ನನ್ನು "ಊದುಬತ್ತಿ ವೈದ್ಯ" ಎಂದು ನಕ್ಕವರೇ ಈಗ ಹೊಸ ರೋಗಿ ಬಂದರೆ ಬತ್ತಿ ಕೇಳಿ ಕಳಿಸುತ್ತಾರೆ. ಬತ್ತಿ ಎಂದರೆ ಉರಿಸುವುದಲ್ಲ, ಸುಗಂಧದೆಣ್ಣೆಯ ಹನಿ ಹೀರಿದ ಹತ್ತಿಬತ್ತಿ, ಪುಟ್ಟ ಕೊಳವೆಯಲ್ಲಿಟ್ಟು ಮೂಸುವುದು. ಗಡ್ಡೆಗೆ ಇದರಿಂದ ಏನೂ ಆಗದು, ವಾಂತಿ ಮಾತ್ರೆಯನ್ನೂ ಬಿಡಿಸುವಂತಿಲ್ಲ. ಸೂಜಿಯ ಭಯ, ಕುರ್ಚಿ ಕಂಡೊಡನೆ ಹೊಟ್ಟೆ ತೊಳೆಸುವುದು, ರಾತ್ರಿಯ ಕಳವಳ, ಇಷ್ಟಕ್ಕೇ.

ಮೊದಲು ಕೈಕೊಟ್ಟದ್ದು ಡಿಫ್ಯೂಸರ್, ಕೋಣೆಗೆಲ್ಲ ವಾಸನೆ ಹರಡುವ ಯಂತ್ರ. ಎಂಟು ಕುರ್ಚಿಯ ಕೋಣೆಯಲ್ಲಿ ಒಬ್ಬರಿಗೆ ಹಿತವಾದ ಲ್ಯಾವೆಂಡರ್ ಪಕ್ಕದವರಿಗೆ ವಾಂತಿ ತರಿಸಿತು. ಮೂರು ಸಾವಿರದ ಯಂತ್ರ ಅಟ್ಟ ಸೇರಿತು. ಅದಕ್ಕಿಂತ ದೊಡ್ಡ ತಪ್ಪು, ಅವರವರ ಮೆಚ್ಚಿನ ವಾಸನೆ ಕೊಟ್ಟದ್ದು. ಡ್ರಿಪ್ ಏರುವಾಗ ಮಲ್ಲಿಗೆ ಹಿಡಿದರೆ ಕೀಮೋದ ಮೂರನೇ ಸುತ್ತಿನ ಹೊತ್ತಿಗೆ ಮನೆಯಲ್ಲಿ ಮಲ್ಲಿಗೆ ಕಂಡರೂ ಓಕರಿಕೆ. ಹಾಗಾಗಿ ಆಸ್ಪತ್ರೆಗೆ ಪರಿಚಯವಿಲ್ಲದ ಒಂದು ವಾಸನೆ, ಮನೆಗೆ ಬೇರೊಂದು. ಅಲ್ಲಿಯದು ಇಲ್ಲಿಗೆ ಬರಕೂಡದು.

ಇನ್‌ಹೇಲರ್ ಕೊಳವೆಯ ಹತ್ತಿಬತ್ತಿಗೆ ಎಲ್ಲರೂ 15–20 ಹನಿ ಹೇಳುತ್ತಾರೆ. ಕೀಮೋ ಆದ ಮೂಗು ಅದನ್ನು ತಡೆಯದು. ನನ್ನದು ಏಳೇ ಹನಿ: ನಿಂಬೆ 4, ಶುಂಠಿ 2, ಪೆಪ್ಪರ್‌ಮಿಂಟ್ 1. ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧಿ ಪಡೆಯುವವರಿಗೆ ತಂಪು ತಾಗಿದರೆ ಮುಳ್ಳು ಚುಚ್ಚಿದಂತಾಗುತ್ತದೆ, ಅವರಿಗೆ ಪೆಪ್ಪರ್‌ಮಿಂಟ್ ಹಾಕುವುದಿಲ್ಲ. ರಾತ್ರಿಯದಕ್ಕೆ ಲ್ಯಾವೆಂಡರ್ 3, ಕಿತ್ತಳೆ 3, ಮೂರನೆಯದೊಂದು ಒಂದೇ ಹನಿ. ಅದರ ಹೆಸರು ಸದ್ಯ ನನ್ನಲ್ಲೇ ಇರಲಿ.

ಬತ್ತಿಯನ್ನು ಗಾಜಿನ ಬಟ್ಟಲಲ್ಲಿ ಚಿಮಟದಿಂದ ಹೊರಳಿಸಿ. ನೇರ ಕೊಳವೆಗೇ ಹನಿ ಹಾಕಿದರೆ ಒಂದೇ ಕಡೆ ನಿಂತು, ಸೋರಿ, ಮೂಗಿನ ತುದಿ ಉರಿಯುತ್ತದೆ. ಮೂಗಿನಿಂದ ಎರಡು ಬೆರಳು ದೂರ, ಮೂರು ನಿಧಾನದ ಉಸಿರು, ಮುಚ್ಚಳ. ಪೋರ್ಟ್‌ಗೆ, ಅಂದರೆ ಔಷಧಿ ಕೊಡಲು ಚರ್ಮದಡಿ ಕೂರಿಸಿದ ಗುಂಡಿಗೆ, ತೊಳೆಯುವ ಉಪ್ಪುನೀರು (ಸಲೈನ್ ಫ್ಲಶ್) ತಳ್ಳುವ ಮುಂಚೆಯೇ ಮೂಸಬೇಕು. ಲೋಹದ ರುಚಿ ಬಾಯಿಗೆ ಬಂದಮೇಲೆ ಮೂಸಿದರೆ ಬತ್ತಿಯೇ ಕೆಟ್ಟ ಹೆಸರು ಹೊರುತ್ತದೆ. ಒಬ್ಬರ ಬತ್ತಿ ಒಬ್ಬರಿಗೇ.

ಖಾಲಿ ಕೊಳವೆ 30 ರೂಪಾಯಿ, ಎಣ್ಣೆ ಸೇರಿ ಒಂದಕ್ಕೆ 60–70 ಬಿದ್ದೀತು. ಅಗ್ಗದ ಲ್ಯಾವೆಂಡರಿಗೆ ಸಾಕಷ್ಟು ದುಡ್ಡು ಕಳೆದಿದ್ದೇನೆ. ಕಾಗದದ ಮೇಲಿನ ಹನಿ ಮರುದಿನವೂ ಜಿಡ್ಡಾಗಿ ಉಳಿದರೆ ಬೇರೆ ಎಣ್ಣೆ ಬೆರೆಸಿದ್ದಾರೆ. ಶ್ರೀಗಂಧದೆಣ್ಣೆ ಬತ್ತಿಗೆ ದಂಡ. ಭಾರದ ಎಣ್ಣೆ, ಮೂಗಿಗೆ ಏರುವುದು ನಿಧಾನ, ಬೆಲೆಯೋ ಕೇಳಬೇಡಿ. ನಿಂಬೆ, ಕಿತ್ತಳೆ ಎಣ್ಣೆ ಫ್ರಿಜ್ಜಿನಲ್ಲಿಡಿ, ಗಾಳಿ ತಾಗಿದಷ್ಟೂ ಕೆಡುತ್ತವೆ.

ಕೈ ತೀಡಲು 30 ಮಿಲಿ ಎಳ್ಳೆಣ್ಣೆಗೆ ಲ್ಯಾವೆಂಡರ್ 6 ಹನಿ, ಶೇ. 1 ಆಯಿತು. ರೇಡಿಯೇಷನ್ ಬಿದ್ದ ಜಾಗ, ಪೋರ್ಟ್, ಊದಿದ ಕಾಲು ಮುಟ್ಟುವುದಿಲ್ಲ. ಕ್ಯಾಪೆಸಿಟಾಬಿನ್ ಎಂಬ ಕೀಮೋ ಮಾತ್ರೆಯಿಂದ ಅಂಗೈ ಕೆಂಪಾಗಿದ್ದರೆ ಅಂಗೈಯೂ ಬೇಡ. ಪ್ಲೇಟ್‌ಲೆಟ್ ಕಡಿಮೆಯಿದ್ದರೆ ವೈದ್ಯರನ್ನು ಕೇಳದೆ ತೀಡಬೇಡಿ. ಆಮ್ಲಜನಕ ಹಚ್ಚಿದವರ ಹತ್ತಿರ ಎಣ್ಣೆಯೇ ಬೇಡ.

ಲಾವಂಚದ ಬೇರನ್ನು ದಿಂಬಿನ ಕೆಳಗಿಟ್ಟು ನೋಡಿದ್ದೂ ಉಂಟು. ವಾಸನೆ ಚೆನ್ನ, ಆದರೆ ಮಣ್ಣು, ಬೂಸ್ಟು. ಬಿಳಿರಕ್ತಕಣ ಇಳಿದವರಿಗೆ ಸಲ್ಲದು, ಬಿಟ್ಟೆ. ದುಡ್ಡಿಲ್ಲದವರಿಗೆ ತೊಳೆದ ನಿಂಬೆಸಿಪ್ಪೆ ಒಂದು ಡಬ್ಬಿಯಲ್ಲಿ, ಉಗುರಿನಿಂದ ಗೀರಿ ಮೂಸುವುದು. ಎರಡು ಗಂಟೆ ಬರುತ್ತದೆ, ಆಮೇಲೆ ಬೇರೆ ಸಿಪ್ಪೆ.